ಒಂದು ಮಾರು, ಮ್ಯಾಲ ಒಂದು ಮೊಳ

ನಮ್ಮ ಹತ್ರ ಒಂದು ಫೋಟೋ ಇದೆ. ಫೋನ್ ಬದಲಾಯಿಸಿದಾಗೆಲ್ಲ ಅದನ್ನು ಹೊಸ ಫೋನಿಗೆ ತಂದಿದ್ದೀವಿ, ಆದರೆ ಯಾರಿಗೂ ತೋರಿಸಿಲ್ಲ. ನಮ್ಮ ಕನ್ನಡ ಸಂಘದ ಫೋಟೋ ಪ್ರದರ್ಶನಕ್ಕೆ ಮೂರು ವರ್ಷ ಏನೇನೋ ಕೊಟ್ಟಿದ್ದೀವಿ: ಕಬ್ಬಿನ ಗದ್ದೆ, ಮಗ್ಗದ ಮುಂದೆ ಕುಂತ ಅಜ್ಜ, ಘಟಪ್ರಭಾ ಹೊಳಿ. ಇದನ್ನು ಮಾತ್ರ ಕೊಟ್ಟಿಲ್ಲ. ಈ ಬರಹ ಆ ಫೋಟೋದ ಬಗ್ಗೆ.

ನಾವು ಮೂವರೂ ಮಹಾಲಿಂಗಪುರದವರು. ಒಬ್ಬ ಸಿವಿಲ್, ಒಬ್ಬ ಮೆಕ್ಯಾನಿಕಲ್, ಒಬ್ಬ ಇ ಅಂಡ್ ಸಿ. ಅವತ್ತು ಶಟರ್ ಒತ್ತಿದ್ದು ಒಬ್ಬ, ಕ್ಯಾಪ್ಷನ್ ಬರೆದದ್ದು ಇನ್ನೊಬ್ಬ, ಗ್ರೂಪಿಗೆ ಹಾಕಿದ್ದು ಮತ್ತೊಬ್ಬ. ಯಾರು ಏನು ಮಾಡಿದರು ಅಂತ ಬಿಡಿಸಿ ಹೇಳಿದರೆ ತಪ್ಪು ಮೂರು ಪಾಲಾಗಿ ಸಣ್ಣದಾಗಿ ಕಾಣ್ತದೆ. ಅದಕ್ಕೇ ಇಲ್ಲಿ ಕೊನೆಯವರೆಗೂ ‘ನಾವು’ ಅಂತಲೇ ಬರೀತೀವಿ.

2021ರ ಮೇ ತಿಂಗಳು. ಕೊರೊನಾದ ಎರಡನೇ ಅಲೆ. ದ್ವಿತೀಯ ಪಿಯುಸಿ ಪರೀಕ್ಷೆ ಆಗ್ತದೋ ಇಲ್ಲೋ ಅಂತ ಕಾಯ್ತಾ ಮನೆಯಲ್ಲಿ ಕುಂತಿದ್ವಿ. (ಕೊನೆಗೆ ಆಗಲೇ ಇಲ್ಲ. ಪರೀಕ್ಷೆ ಬರೆಯದೇ ಪಾಸಾದ ಬ್ಯಾಚು ಅಂತ ಸೀನಿಯರ್‌ಗಳು ನಮ್ಮನ್ನು ಈಗಲೂ ಆಡಿಕೊಳ್ತಾರೆ.) ಊರಾಗ ಮದುವಿ ಇಲ್ಲ, ಮುಂಜಿವಿ ಇಲ್ಲ. ಫೋಟೋ ಸ್ಟುಡಿಯೋ ಇಟ್ಟಿದ್ದ ನಮ್ಮ ಮಾಮಾನ ಕ್ಯಾಮೆರಾ ಕಪಾಟಿನಲ್ಲಿ ಬಿದ್ದಿತ್ತು. ಅದರ ಜೊತೆ 70-300 ಎಂಎಂ ಲೆನ್ಸು. ಮದುವೆ ಇಲ್ಲದ ದಿನಗಳಲ್ಲಿ ಮಾಮಾ ಆ ಲೆನ್ಸ್ ಹಾಕಿಕೊಂಡು ಧೂಪದಾಳದ ಕಡೆ ಹಕ್ಕಿ ಹಿಡಿಯಲು ಹೋಗ್ತಿದ್ದ, ಅಂದರೆ ಫೋಟೋದಲ್ಲಿ. ‘ಬೂಸರ ಹಿಡದು ಹಾಳಾಗೂದಕ್ಕಿಂತ ನೀವಽ ಬಳಸ್ರಿ’ ಅಂತ ಕೊಟ್ಟ.

ಕಾಯಿಪಲ್ಲೆ ಮಾರಾಟಕ್ಕೆ ಆಗ ಮುಂಜಾನೆ 6ರಿಂದ 10ರವರೆಗೆ ಮಾತ್ರ ಬಿಡ್ತಿದ್ದರು. ನಮ್ಮ ಮನೆ ಮಾಳಿಗಿ ಮೇಲೆ ನಿಂತರೆ ಬೀದಿಯ ಆ ತುದಿಯಲ್ಲಿ ಕಾಯಿಪಲ್ಲೆಯವರ ಸಾಲು ಕಾಣ್ತಿತ್ತು. ಒಂದು ದಿನ ಎಂಟು ಗಂಟೆ ಸುಮಾರಿಗೆ ಲೆನ್ಸನ್ನು ಪೂರ್ತಿ 300ಕ್ಕೆ ಎಳೆದು ಆ ಸಾಲಿನ ಫೋಟೋ ತೆಗೆದ್ವಿ. ಹನ್ನೆರಡು ಮಂದಿ ಮಾರುವವರು, ಅವರ ನಡುವೆ ಕೊಳ್ಳುವವರು. ಪರದೆಯ ಮೇಲೆ ನೋಡಿ ನಮಗೇ ಗಾಬರಿಯಾಯಿತು. ತಲೆಗೆ ತಲೆ, ಬುಟ್ಟಿಗೆ ಬುಟ್ಟಿ, ಸೆರಗಿಗೆ ಸೆರಗು. ನೆಲ ಅನ್ನೋದೇ ಕಾಣಲಿಲ್ಲ. ಇಡೀ ಸಾಲು ಒಬ್ಬರ ಮಡಿಲಲ್ಲಿ ಒಬ್ಬರು ಕುಂತಂಗೆ.

ಆ ವಾರ ನಮ್ಮ ಓಣಿಯಲ್ಲೇ ಎರಡು ಸಾವಾಗಿದ್ದವು. ಸಿಟ್ಟು ಇತ್ತು, ಹೆದರಿಕೆಯೂ ಇತ್ತು. ‘ನಮ್ಮೂರ ಮಂದಿಗೆ ಬುದ್ಧಿ ಬರೂದು ಯಾವಾಗ?’ ಅಂತ ಬರೆದು ಸ್ಟೇಟಸ್ಸಿಗೆ ಹಾಕಿದ್ವಿ, ಎರಡು ಗ್ರೂಪಿಗೂ ಕಳಿಸಿದ್ವಿ. ಮಧ್ಯಾಹ್ನ ಊಟಕ್ಕೆ ಕೂಡುವಷ್ಟರಲ್ಲಿ ಅದೇ ಫೋಟೋ ನಮ್ಮ ಅಪ್ಪನ ಫೋನಿಗೆ ಬೇರೆ ಯಾರಿಂದಲೋ ಬಂತು. ಕೆಳಗೆ ಬೇರೆ ಬೇರೆ ಮಾತು. ಕೆಲವು ಇಲ್ಲಿ ಬರೆಯುವಂಥವಲ್ಲ.

ಮರುದಿನ ಆ ಬೀದಿಯಲ್ಲಿ ಯಾರೂ ಕುಂದರಲಿಲ್ಲ. ಎಬ್ಬಿಸಿದ್ದರು. ನಮ್ಮ ಫೋಟೋ ಒಂದರಿಂದಲೇ ಹಾಗಾಯಿತು ಅಂತ ನಾವು ಹೇಳಲಾರೆವು. ಆ ದಿನಗಳಲ್ಲಿ ಎಲ್ಲ ಕಡೆ ಎಬ್ಬಿಸುತ್ತಿದ್ದರು. ಆದರೆ ಎಬ್ಬಿಸುವಾಗ ‘ಫೋಟೋ ನೋಡೀರೇನು ನಿಮ್ಮದು?’ ಅಂತ ಕೇಳಿದ್ದರಂತೆ. ಸಾಲಿನ ಮೊದಲಿಗೆ ಕುಂತಿದ್ದ ದೊಡ್ಡವ್ವ (ನಮಗೆ ರಕ್ತಸಂಬಂಧವಲ್ಲ, ಊರಾಗ ಎಲ್ಲರಿಗೂ ದೊಡ್ಡವ್ವ) ಮೂರು ವಾರ ಬುಟ್ಟಿ ಹೊತ್ತು ಮನೆ ಮನೆ ತಿರುಗಿದರು. ಕೆಲವು ಮನೆಯವರು ಬಾಗಿಲು ತೆಗೆಯಲಿಲ್ಲ. ಫೋಟೋದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತಿದ್ದದ್ದು ಅವರ ಮುಖ.

ಇದೆಲ್ಲ ನಮ್ಮ ಕಿವಿಗೆ ಬಿತ್ತು. ‘ಅಷ್ಟು ಒತ್ತಿ ಕುಂತರೆ ಮತ್ತೇನಾಗ್ತದೆ’ ಅಂದುಕೊಂಡು ಸುಮ್ಮನಾದ್ವಿ. ಫೋಟೋ ಇತ್ತಲ್ಲ, ಸಾಕ್ಷಿಗೆ.

ಸಾಕ್ಷಿ ಕೆಟ್ಟದ್ದು ಮೂರನೇ ಸೆಮಿಸ್ಟರಿನಲ್ಲಿ, ಸರ್ವೇ ಲ್ಯಾಬಿನ ದಿನ. ಕಾಲೇಜಿನ ಮೈದಾನದಲ್ಲಿ ನಮ್ಮ ಸಿವಿಲ್ಲಿನವ ಥಿಯೊಡೊಲೈಟ್ ಟೆಲಿಸ್ಕೋಪಿಗೆ ಕಣ್ಣಿಟ್ಟು ನೋಡ್ತಿದ್ದ. ನೂರು ಮೀಟರ್ ದೂರದಲ್ಲಿ ಒಂದು ರೇಂಜಿಂಗ್ ರಾಡು, ಅದರ ಹಿಂದೆ ಹತ್ತು ಮೀಟರ್ ಬಿಟ್ಟು ಇನ್ನೊಂದು. ಟೆಲಿಸ್ಕೋಪಿನಲ್ಲಿ ಎರಡೂ ಒಂದೇ ಹಗ್ಗಕ್ಕೆ ಕಟ್ಟಿದಂಗೆ ಪಕ್ಕಪಕ್ಕ ನಿಂತಿದ್ದವು. ಕಣ್ಣು ತೆಗೆದು ನೋಡಿದ: ನಡುವೆ ಒಬ್ಬ ಜೂನಿಯರ್ ಆರಾಮಾಗಿ ಅಡ್ಡಾಡ್ತಿದ್ದಾನೆ. ಮತ್ತೆ ಕಣ್ಣಿಟ್ಟ: ಜಾಗವೇ ಇಲ್ಲ. ಅವತ್ತು ಕ್ಯಾಂಟೀನಿಗೆ ಬಂದು ಅವನು ಚಹಾ ಹೇಳಲಿಲ್ಲ. ‘ಆ ಕಾಯಿಪಲ್ಲೆ ಫೋಟೋ ತೆಗೀರಿ’ ಅಂದ.

ಇಲ್ಲಿಂದ ಮುಂದೆ ಸ್ವಲ್ಪ ಲೆಕ್ಕ. ನಮ್ಮ ಓದುಗರು ಎಂಜಿನಿಯರಿಂಗಿನವರು, ಲೆಕ್ಕ ಕಂಡರೆ ಪುಟ ತಿರುಗಿಸೂದಿಲ್ಲ ಅಂತ ನಂಬಿಕೆ.

‘ಉದ್ದ ಲೆನ್ಸು ದೂರದ್ದನ್ನು ಹತ್ತಿರ ತರ್ತದೆ, ಎಲ್ಲವನ್ನೂ ಒತ್ತಿ ಚಪ್ಪಟೆ ಮಾಡ್ತದೆ’ ಅಂತ ಫೋಟೋ ತೆಗೆಯುವವರೆಲ್ಲ ಹೇಳ್ತಾರೆ. ಈ ಮಾತಿನಲ್ಲಿ ಅರ್ಧ ತಪ್ಪಿದೆ. ಹಂಪಿಗೆ ಹೋದವರು ವಿರೂಪಾಕ್ಷ ಗುಡಿಯಲ್ಲಿ ರಾಜಗೋಪುರದ ತಲೆಕೆಳಗಾದ ನೆರಳು ನೋಡಿರ್ತೀರಿ. ಸಣ್ಣ ಕಂಡಿಯಿಂದ ಬೆಳಕು ಬಂದು ಕತ್ತಲೆ ಕೋಣೆಯ ಗೋಡೆ ಮೇಲೆ ಗೋಪುರ ಉಲ್ಟಾ ಮೂಡ್ತದೆ. ಅದೊಂದು ಕ್ಯಾಮೆರಾ, ಲೆನ್ಸೇ ಇಲ್ಲದ್ದು. ಈಗ ಆ ಕಂಡಿಗೂ ಗೋಡೆಗೂ ನಡುವೆ ಒಂದು ಬಿಳಿ ಬಟ್ಟೆ ಹಿಡಿದರೆ ಅದರ ಮೇಲೆ ಬೀಳುವ ಗೋಪುರ ಸಣ್ಣದಾಗ್ತದೆ. ಬಟ್ಟೆ ಹಿಂದಕ್ಕೆ ಒಯ್ದಂತೆ ದೊಡ್ಡದಾಗ್ತದೆ. ಕಂಡಿಯಿಂದ ಬಟ್ಟೆಗೆ ಇರುವ ದೂರವೇ ಫೋಕಲ್ ಲೆಂಗ್ತ್ ಅಂದುಕೊಳ್ಳಿ. ಗೋಪುರ ದೊಡ್ಡದಾಗಲಿ ಸಣ್ಣದಾಗಲಿ, ಅದರ ಮೇಲಿನ ಅಂತಸ್ತಿಗೂ ಕೆಳಗಿನ ಅಂತಸ್ತಿಗೂ ಇರುವ ಅನುಪಾತ ಬದಲಾಗೂದಿಲ್ಲ. ಅದು ಬದಲಾಗಬೇಕಾದರೆ ಕಂಡಿಯನ್ನೇ ಗೋಪುರದ ಹತ್ತಿರಕ್ಕೋ ದೂರಕ್ಕೋ ಒಯ್ಯಬೇಕು.

ಸೂತ್ರ ಹತ್ತನೇ ತರಗತಿಯದು. ವಸ್ತು ದೂರದಲ್ಲಿದ್ದರೆ, ಬಿಂಬದ ಎತ್ತರ ಸುಮಾರಾಗಿ ವಸ್ತುವಿನ ಎತ್ತರ ಗುಣಿಸು ಫೋಕಲ್ ಲೆಂಗ್ತ್, ಭಾಗಿಸು ದೂರ. ಒಂದೇ ಎತ್ತರದ ಇಬ್ಬರು ಬೇರೆ ಬೇರೆ ದೂರದಲ್ಲಿದ್ದರೆ ಅವರ ಬಿಂಬಗಳ ಅನುಪಾತ ತೆಗೀರಿ. ಫೋಕಲ್ ಲೆಂಗ್ತ್ ಮೇಲೂ ಕೆಳಗೂ ಬಂದು ಹೊಡೆದುಹೋಗ್ತದೆ. ಉಳಿಯೂದು ದೂರಗಳ ಅನುಪಾತ ಮಾತ್ರ. ಅಂದರೆ ಪರ್ಸ್ಪೆಕ್ಟಿವ್ ಅನ್ನೋದು ಲೆನ್ಸಿನ ಗುಣವಲ್ಲ, ನಾವು ನಿಂತ ಜಾಗದ ಗುಣ.

ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ ಕಾಣೂದೂ ಇದಕ್ಕೇ. ಫೋನು ಮೂಗಿನಿಂದ 30 ಸೆಂಟಿಮೀಟರ್ ದೂರ, ಕಿವಿ ಅದಕ್ಕಿಂತ 12 ಸೆಂಟಿಮೀಟರ್ ಹಿಂದೆ ಅಂದುಕೊಂಡರೆ, ಮೂಗಿಗೆ ಸಿಕ್ಕ ಅಳತೆಯ 71 ಪರ್ಸೆಂಟ್ ಮಾತ್ರ ಕಿವಿಗೆ ಸಿಗ್ತದೆ. ಒಂದೂವರೆ ಮೀಟರ್ ಹಿಂದೆ ಸರಿದರೆ ಅದು 93 ಪರ್ಸೆಂಟ್ ಆಗ್ತದೆ. ನಮ್ಮ ಮಾಮಾ ಮದುವೆಯಲ್ಲಿ ವಧುವಿನ ಫೋಟೋ ತೆಗೆಯುವಾಗ ಹಿಂದ ಹಿಂದ ಸರಿದು ಉದ್ದ ಲೆನ್ಸ್ ಹಾಕ್ತಿದ್ದದ್ದು ಸುಮ್ಮನಲ್ಲ. ಮುಖ ಚಂದ ಮಾಡೂದು ಆ ಸರಿದ ದೂರ. ಅಷ್ಟು ದೂರದಿಂದ ಮುಖ ಫ್ರೇಮು ತುಂಬಲಿ ಅಂತ ಲೆನ್ಸು.

ನಂಬಿಕೆ ಬರದಿದ್ದರೆ ಹಾಸ್ಟೆಲ್ ಮಾಳಿಗಿ ಮೇಲೆ ಹೋಗಿ ಮಾಡಿ ನೋಡಿ. ಒಂದೇ ಜಾಗದಲ್ಲಿ ನಿಂತು 18 ಎಂಎಂನಲ್ಲಿ ಒಂದು, 300 ಎಂಎಂನಲ್ಲಿ ಒಂದು ಫೋಟೋ ತೆಗೀರಿ. ಮೊದಲನೆಯದರ ನಟ್ಟನಡುವಿನ ಸಣ್ಣ ತುಂಡನ್ನು ಕತ್ತರಿಸಿ ದೊಡ್ಡದು ಮಾಡಿ ಎರಡನೆಯದರ ಪಕ್ಕ ಇಡಿ. 6000 ಗುಣಿಸು 4000 ಪಿಕ್ಸೆಲ್ಲಿನ ಫೋಟೋದಲ್ಲಿ ಆ ತುಂಡು ಬರೀ 360 ಗುಣಿಸು 240 ಪಿಕ್ಸೆಲ್ ಇರ್ತದೆ, ಗೋಧಿ ಹಿಟ್ಟು ಚೆಲ್ಲಿದಂಗೆ ಮಬ್ಬು. ಆದರೆ ಯಾವ ತಲೆ ಯಾವ ತಲೆಯನ್ನು ಎಷ್ಟು ಮುಚ್ಚಿದೆ, ಯಾವುದು ಎಷ್ಟು ದೊಡ್ಡದು ಅನ್ನೋದು ಎರಡರಲ್ಲೂ ಒಂದೇ. ‘ಒತ್ತಿದಂತೆ’ ಕಾಣೂದು ಅಗಲ ಲೆನ್ಸಿನ ಫೋಟೋದಲ್ಲೂ ಇತ್ತು. ಸಣ್ಣದಾಗಿದ್ದರಿಂದ ಯಾರೂ ನೋಡಿರಲಿಲ್ಲ.

ಇನ್ನೊಂದು ಹತ್ತಿರದ ಉದಾಹರಣೆ. ಗೋಲಗುಮ್ಮಟದ ಹಿಂದೆ ಗುಮ್ಮಟದಷ್ಟೇ ದೊಡ್ಡ ಚಂದ್ರ ಇರುವ ಫೋಟೋ ನೋಡಿದರೆ ಎಡಿಟಿಂಗ್ ಅಂತೀವಿ. ಆಗಿರಲೇಬೇಕು ಅಂತಿಲ್ಲ. ಚಂದ್ರ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅದು ಅರ್ಧ ಡಿಗ್ರಿಗೆ ಇಳಿಯಬೇಕಾದರೆ ಸುಮಾರು 5 ಕಿಲೋಮೀಟರ್ ಹಿಂದೆ ಹೋಗಬೇಕು. ಅಲ್ಲಿ ನಿಂತವನ ಬರಿಗಣ್ಣಿಗೂ ಎರಡೂ ಸಮ. ಗುಮ್ಮಟದ ಬುಡದಲ್ಲಿ ನಿಂತವನಿಗೆ ಚಂದ್ರ ಒಂದು ಗೋಲಿ. ಇಬ್ಬರೂ ಸುಳ್ಳು ಹೇಳ್ತಿಲ್ಲ.

ಈಗ ನಮ್ಮ ಫೋಟೋ. ಮಾಳಿಗಿಯಿಂದ ಸಾಲಿನ ಮೊದಲ ಬುಟ್ಟಿಗೆ ಸುಮಾರು 60 ಮೀಟರ್. ಕ್ಯಾಮೆರಾ ಬೀದಿಯ ನೆಲದಿಂದ ಸುಮಾರು 6 ಮೀಟರ್ ಎತ್ತರ. ಮಾರುವವರು ಒಬ್ಬರಿಗೊಬ್ಬರು 2 ಮೀಟರ್ ಬಿಟ್ಟು ಕುಂತಿದ್ದರು ಅಂತ ಸುಮ್ಮನೆ ಇಟ್ಟುಕೊಂಡ್ವಿ. ಆಗ ಮೊದಲನೆಯವರು 60 ಮೀಟರ್, ಎರಡನೆಯವರು 62. ಅನುಪಾತ ಸುಮಾರು 97 ಪರ್ಸೆಂಟ್. ಅದೇ ಇಬ್ಬರನ್ನು 3 ಮೀಟರ್ ಹತ್ತಿರ ಹೋಗಿ ನೋಡಿದ್ದರೆ 3 ಮತ್ತು 5, ಅಂದರೆ 60 ಪರ್ಸೆಂಟ್. ಹಿಂದಿನವರು ಮುಂದಿನವರಿಗಿಂತ ಎಷ್ಟು ಸಣ್ಣಗೆ ಕಾಣ್ತಾರೆ ಅನ್ನೋದರ ಮೇಲೆ ನಮ್ಮ ಕಣ್ಣು ನಡುವಿನ ಜಾಗವನ್ನು ಅಂದಾಜು ಮಾಡ್ತದೆ. ಇಬ್ಬರೂ ಒಂದೇ ಅಳತೆ ಕಂಡರೆ ‘ಪಕ್ಕಪಕ್ಕ’ ಅಂತ ತೀರ್ಮಾನ.

ನೆಲ ಎಲ್ಲಿ ಹೋಯಿತು? ಕುಂತ ಮನುಷ್ಯನ ಎತ್ತರ 0.8 ಮೀಟರ್ ಹಿಡೀರಿ. ಕ್ಯಾಮೆರಾದಿಂದ ಅವರ ನೆತ್ತಿ ಸವರಿ ಹೋದ ಗೆರೆ ನೆಲ ಮುಟ್ಟೂದು 69 ಮೀಟರಿನಲ್ಲಿ. ಅಂದರೆ ಒಬ್ಬರು ಕುಂತರೆ ಅವರ ಹಿಂದಿನ 9 ಮೀಟರ್ ನೆಲ ಫೋಟೋದಿಂದ ಮಾಯ. 2 ಮೀಟರ್ ಅಂತರ ನಾಲ್ಕಾದರೂ ಅದರೊಳಗೆ ಮುಳುಗ್ತವೆ. ನಿಂತು ಚೌಕಾಸಿ ಮಾಡುವವರು 1.6 ಮೀಟರ್ ಇದ್ದರೆ ಅವರ ಹಿಂದೆ ಸುಮಾರು 22 ಮೀಟರ್ ಮಾಯ. ಹನ್ನೆರಡು ಮಂದಿಯ ಇಡೀ ಸಾಲಿನ ಉದ್ದವೂ ಅಷ್ಟೇ, 22 ಮೀಟರ್. ಅದೇ ಸಾಲು ನಮ್ಮ ಮಾಳಿಗಿಯಿಂದ 6 ಮೀಟರ್ ಆಚೆ ಇದ್ದಿದ್ದರೆ ಮೊದಲು ಕುಂತವರು ತಮ್ಮ ಹಿಂದೆ ಒಂದು ಮೀಟರನ್ನೂ ಮುಚ್ಚುತ್ತಿರಲಿಲ್ಲ. ಅದೇ ಎತ್ತರ, ಅದೇ ಜನ. ದೂರ ಬೇರೆ.

ಕೊನೆಯದು ನಮಗೆ ಬಡಿದಷ್ಟು ಬೇರೆ ಯಾವುದೂ ಬಡೀಲಿಲ್ಲ. ಪ್ರತಿ ಫೋಟೋಕ್ಕೂ ಅದನ್ನು ನೋಡಬೇಕಾದ ಸರಿಯಾದ ದೂರ ಒಂದಿರ್ತದೆ. ಸೆನ್ಸರ್ ಮೇಲಿನ ಬಿಂಬವನ್ನು ಎಷ್ಟು ಪಟ್ಟು ಹಿಗ್ಗಿಸಿದ್ದೀವೋ ಫೋಕಲ್ ಲೆಂಗ್ತನ್ನೂ ಅಷ್ಟು ಪಟ್ಟು ಹಿಗ್ಗಿಸಬೇಕು. ಆ ಕ್ಯಾಮೆರಾದ ಸೆನ್ಸರ್ ಸುಮಾರು 22 ಮಿಲಿಮೀಟರ್ ಅಗಲ, ಫೋನಿನಲ್ಲಿ ಫೋಟೋ ಸುಮಾರು ಹತ್ತೂವರೆ ಸೆಂಟಿಮೀಟರ್. ಲೆಕ್ಕ ಹಾಕಿದರೆ ಫೋನನ್ನು ಕಣ್ಣಿನಿಂದ ಸುಮಾರು 1.4 ಮೀಟರ್ ದೂರ ಇಟ್ಟು ನೋಡಬೇಕು. ಹಾಗೆ ಯಾರು ನೋಡ್ತಾರೆ? ಎಲ್ಲರೂ ನೋಡಿದ್ದು ಒಂದಡಿ ದೂರದಲ್ಲಿ. ಆಗ ಫೋಟೋದೊಳಗಿನ ಆಳ ಸುಮಾರು ಐದು ಪಟ್ಟು ಕುಗ್ಗಿದಂತೆ ಅನಿಸ್ತದೆ. 2 ಮೀಟರ್ ಇದ್ದದ್ದು 43 ಸೆಂಟಿಮೀಟರ್ ಆಗ್ತದೆ. ಅಂದರೆ ಒಂದು ಮೊಳ.

ಇಷ್ಟಾದರೂ ಒಂದು ಪ್ರಶ್ನೆ ಉಳೀತು. 2 ಮೀಟರ್ ಅನ್ನೋದು ನಾವು ಇಟ್ಟುಕೊಂಡದ್ದು. ಅವರು ನಿಜವಾಗಿ ಎಷ್ಟು ಬಿಟ್ಟು ಕುಂತಿದ್ದರು? ಫೋಟೋದಿಂದ ಹೇಳಲು ಆಗಲಿಲ್ಲ. ಅರ್ಧ ಮೀಟರ್ ಬಿಟ್ಟಿದ್ದರೂ ಫೋಟೋ ಹೆಚ್ಚುಕಮ್ಮಿ ಹೀಗೇ ಬರ್ತಿತ್ತು. ಫೈಲಿನ ವಿವರ ತೆಗೆದು ನೋಡಿದ್ವಿ: ತಾರೀಖು, ಸಮಯ, ಶಟರ್, ಅಪರ್ಚರ್, 300 ಎಂಎಂ ಎಲ್ಲ ಇತ್ತು. ನಾವು ಎಷ್ಟು ದೂರ ನಿಂತಿದ್ವಿ ಅನ್ನೋದು ಇರಲಿಲ್ಲ.

ಆಮೇಲೆ ಗೊತ್ತಾಯಿತು, ಈ ಜಗಳ ನಮಗಿಂತ ಒಂದು ವರ್ಷ ಮೊದಲೇ ದೂರದ ದೇಶದಲ್ಲಿ ನಡೆದಿತ್ತು. 2020ರ ಏಪ್ರಿಲ್‌ನಲ್ಲಿ ಡೆನ್ಮಾರ್ಕಿನ ರಿಟ್ಸಾವ್ ಸ್ಕಾನ್‌ಪಿಕ್ಸ್ ಅನ್ನುವ ಸುದ್ದಿಚಿತ್ರ ಸಂಸ್ಥೆಯ ಇಬ್ಬರು ಫೋಟೋಗ್ರಾಫರ್‌ಗಳು ಒಂದೇ ಹೊತ್ತಿನಲ್ಲಿ ಒಂದೇ ಜನರನ್ನು ಎರಡು ರೀತಿ ತೆಗೆದು ತೋರಿಸಿದರು. ಅಗಲ ಲೆನ್ಸಿನಲ್ಲಿ ದೂರ ದೂರ ನಿಂತ ಮಂದಿ, ಉದ್ದ ಲೆನ್ಸಿನಲ್ಲಿ ನೋಡಿದರೆ ಮೈಗೆ ಮೈ ತಾಗಿಸಿ ನಿಂತಂಗೆ. ಪತ್ರಿಕೆಯಲ್ಲಿ ಬಂದ ಗುಂಪಿನ ಫೋಟೋಗಳ ಬಗ್ಗೆ ಅಲ್ಲೂ ಜನ ಬೈದಾಡ್ತಿದ್ದರು. ನಾವು ಆ ಫೋಟೋಗಳನ್ನು ನೋಡಿದ್ದು 2022ರಲ್ಲಿ. ಮೊದಲೇ ನೋಡಿದ್ದರೆ ಸ್ಟೇಟಸ್ ಹಾಕ್ತಿರಲಿಲ್ಲ ಅಂತ ಹೇಳಲು ಧೈರ್ಯ ಬರೂದಿಲ್ಲ. ಅವತ್ತಿನ ಸಿಟ್ಟಿಗೆ ಫೋಟೋ ಹೊಂದಿಕೊಂಡಿತ್ತು.

ಉದ್ದ ಲೆನ್ಸನ್ನೇ ಬೈದು ಮುಗಿಸೋಣ ಅಂದರೆ ಅದೂ ನ್ಯಾಯವಲ್ಲ. ಮುಂದೆ ನಿಂತು ಅಗಲ ಲೆನ್ಸಿನಲ್ಲಿ ತೆಗೆದರೆ ನಿಜವಾಗಿ ಒತ್ತಿ ನಿಂತ ಜನರೂ ಚೆದುರಿ ಕಾಣಬಹುದು. ಸಭೆ ತುಂಬಿತ್ತು ಅಂತ ತೋರಿಸಬೇಕಾದವರು ದೂರ ಹೋಗಿ ಒಂದು ಲೆನ್ಸ್ ಹಾಕ್ತಾರೆ, ಖಾಲಿ ಇತ್ತು ಅಂತ ತೋರಿಸಬೇಕಾದವರು ಹತ್ತಿರ ಬಂದು ಇನ್ನೊಂದು ಹಾಕ್ತಾರೆ. ಮತ್ತೆ, ಈ ಲೆನ್ಸಿಗೆ ಒಳ್ಳೆಯ ಕೆಲಸವೂ ಇದೆ. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದದ್ದು ನಿಮಗೆಲ್ಲ ಗೊತ್ತು. ಹಕ್ಕಿ ಗೂಡು ಬಿಟ್ಟು ಹಾರಿ ಹೋಗಬಾರದು ಅಂತಲೇ ಅಂಥವರು ದೂರ ನಿಲ್ತಾರೆ. ಹತ್ತಿರ ಹೋಗಿ ‘ಹೆಂಗದೀ?’ ಅಂತ ಹಕ್ಕಿಯನ್ನು ಕೇಳಲಿಕ್ಕೆ ಆಗೂದಿಲ್ಲ. ದೊಡ್ಡವ್ವನನ್ನು ಕೇಳಬಹುದಿತ್ತು. 60 ಮೀಟರ್, ಒಂದು ನಿಮಿಷದ ದಾರಿ.

ಈ ವರ್ಷ, 2025ರ ಸಂಕ್ರಾಂತಿ ರಜಕ್ಕೆ ಊರಿಗೆ ಹೋದಾಗ ಮಾಮಾನ ಲೆನ್ಸು ಮತ್ತೆ ಕೇಳಿ ಇಸಕೊಂಡ್ವಿ. ಕಾಲೇಜಿನಿಂದ 30 ಮೀಟರಿನ ಟೇಪು ತಂದಿದ್ವಿ. ಮೊದಲ ದಿನ ಊರ ಹೊರಗೆ, ಕಬ್ಬು ತುಂಬಿದ ಟ್ರ್ಯಾಕ್ಟರ್ ನಿಂತ ಕಡೆ ಒಂದು ಪರೀಕ್ಷೆ ಮಾಡಿದ್ವಿ. ಟ್ರ್ಯಾಕ್ಟರಿನಿಂದ 20 ಮೀಟರ್ ಮುಂದೆ ನಮ್ಮಲ್ಲೊಬ್ಬ ನಿಂತ. 2 ಮೀಟರ್ ದೂರದಿಂದ 18 ಎಂಎಂನಲ್ಲಿ ಒಂದು, 33 ಮೀಟರ್ ಹಿಂದೆ ಹೋಗಿ 300 ಎಂಎಂನಲ್ಲಿ ಒಂದು. ಎರಡರಲ್ಲೂ ಅವನ ಮುಖ ಒಂದೇ ಅಳತೆ. ಮೊದಲನೆಯದರಲ್ಲಿ ಟ್ರ್ಯಾಕ್ಟರ್ ಅವನ ಭುಜದ ಹಿಂದೆ ಆಟಿಗೆ ಸಾಮಾನು. ಎರಡನೆಯದರಲ್ಲಿ ಇನ್ನೇನು ಅವನ ಮೈಮೇಲೆ ಹತ್ತಿ ಬರುವಂಗೆ, ಸುಮಾರು ಏಳು ಪಟ್ಟು ದೊಡ್ಡದು. ಟ್ರ್ಯಾಕ್ಟರ್ ಡ್ರೈವರ್ ಕಾಕಾ ಎರಡೂ ನೋಡಿ, ‘ಎರಡನೇದ ನಮ್ಮ ಮಾಲಕರಿಗೆ ಕಳಸಬ್ಯಾಡ್ರಿ, ಮಂದಿ ಮ್ಯಾಲ ಗಾಡಿ ಹೊಡಿತಾನ ಅಂತ ತಿಳಕೊಂತಾರ’ ಅಂದರು. ಅವರು ನಗಲಿಕ್ಕೆ ಹೇಳಿದ್ದು. ನಮಗೆ ನಗು ಬರಲಿಲ್ಲ.

ಮರುದಿನ ನಸುಕಿನಲ್ಲಿ, ಬೀದಿ ಖಾಲಿ ಇದ್ದಾಗ, ಅದೇ ಜಾಗದಲ್ಲಿ ಹನ್ನೆರಡು ಪ್ಲಾಸ್ಟಿಕ್ ಕ್ರೇಟುಗಳನ್ನು ಟೇಪು ಹಿಡಿದು ಸರಿಯಾಗಿ 2 ಮೀಟರಿಗೊಂದರಂತೆ ಇಟ್ಟ್ವಿ. ಮಾಳಿಗಿ ಹತ್ತಿ 300ರಲ್ಲಿ ತೆಗೆದ್ವಿ. ಕ್ರೇಟು ಒಂದಡಿ ಎತ್ತರ ಅಷ್ಟೇ. ಆದರೂ ಲೆಕ್ಕದ ಪ್ರಕಾರ ಒಂದೊಂದೂ ತನ್ನ ಹಿಂದೆ 3 ಮೀಟರ್ ನೆಲ ನುಂಗಬೇಕು. ನುಂಗಿತ್ತು. ಹನ್ನೆರಡೂ ಒಂದರ ಮೇಲೊಂದು ಪೇರಿಸಿಟ್ಟಂಗೆ ಬಂದಿದ್ದವು. ಕೆಳಗಿಳಿದು ಬೀದಿಯ ಪಕ್ಕದಿಂದ ತೆಗೆದರೆ ಎರಡು ಕ್ರೇಟಿನ ನಡುವೆ ಒಂದು ಎತ್ತು ಮಲಗುವಷ್ಟು ಜಾಗ.

ಒಂಬತ್ತರ ಹೊತ್ತಿಗೆ ದೊಡ್ಡವ್ವನ ಹತ್ತಿರ ಹೋದ್ವಿ. ಈಗ ಎಲ್ಲರೂ ಮೊದಲಿನಂತೆ ಮೊಣಕಾಲಿಗೆ ಮೊಣಕಾಲು ತಾಗಿಸಿಯೇ ಕುಂದರ್ತಾರೆ. ಏನು ಹೇಳಬೇಕು ಅಂತ ದಾರಿಯಲ್ಲಿ ಮಾತಾಡಿಕೊಂಡು ಹೋಗಿದ್ವಿ. ಹೋದಮೇಲೆ ಏನೂ ಬಾಯಿಗೆ ಬರಲಿಲ್ಲ. ಫೋನ್ ತೆಗೆದು ಹಳೇ ಫೋಟೋ ತೋರಿಸಿದ್ವಿ.

ಅವರು ಕಣ್ಣು ಸಣ್ಣ ಮಾಡಿ ನೋಡಿದರು. ‘ಇದು ನಾನಽ ಅಲ್ಲೇನು? ಈ ಸೀರಿ ಇನ್ನೂ ಐತಿ ಮನ್ಯಾಗ.’ ಆಮೇಲೆ ನಮ್ಮ ಮುಖ ನೋಡಿದರು. ‘ಇದನ್ನ ತಗದವರು ನೀವಽ ಏನು?’

‘ಹೌದ್ರಿ ದೊಡ್ಡವ್ವಾ.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ತಕ್ಕಡಿ ಕೆಳಗಿಟ್ಟು ಎದ್ದು ನಿಂತು ಎರಡೂ ಕೈ ಚಾಚಿದರು. ‘ಒಂದ್ ಮಾರು, ಮ್ಯಾಲ ಒಂದ್ ಮೊಳ. ದಿನಾ ಮುಂಜಾನೆ ನಾನಽ ಅಳದು ಕಲ್ಲ ಇಡ್ತಿದ್ದೆ, ಎಲ್ಲಾರಿಗೂ. ನಮಗೂ ಮನ್ಯಾಗ ಮೊಮ್ಮಕ್ಕಳ ಅದಾರಪಾ. ಸಾಯೂದು ಬ್ಯಾಡಾಗಿತ್ತು ನಮಗೂ. ಮಾಳಗಿ ಇಳದ ಬಂದ ಕೇಳಿದ್ರ ಹೇಳ್ತಿದ್ದಿಲ್ಲೇನು?’

ನಮ್ಮ ಸಿವಿಲ್ಲಿನವ ಟೇಪು ತೆಗೆದ. ಯಾಕೆ ತೆಗೆದನೋ, ಕೈ ಸುಮ್ಮನಿರಲಿಲ್ಲ ಅನಿಸ್ತದೆ. ದೊಡ್ಡವ್ವ ಬೇಡ ಅನ್ನಲಿಲ್ಲ. ಚಾಚಿದ ಕೈಯ ಬೆರಳ ತುದಿಯಿಂದ ಬೆರಳ ತುದಿಗೆ 1 ಮೀಟರ್ 52 ಸೆಂಟಿಮೀಟರ್. ಮೊಳ 44. ಕೂಡಿದರೆ 1 ಮೀಟರ್ 96.

ನಾವು ನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದ ಸಾಕ್ಷಿಗಿಂತ ಅವರ ಎರಡು ಕೈ ನಿಖರವಾಗಿದ್ದವು. ಆ ಅಳತೆ ಅವತ್ತೇ ಸಿಗ್ತಿತ್ತು, ಟೇಪೂ ಬೇಕಾಗಿರಲಿಲ್ಲ.

ತಪ್ಪಾತ್ರಿ ಅಂದ್ವಿ. ಬೆಳಗಿನ ಕ್ರೇಟಿನ ಫೋಟೋ ತೋರಿಸಿ, ಹೀಗೆ ಹೀಗೆ, ದೂರದಿಂದ ತೆಗೆದರೆ ಹೀಗಾಗ್ತದೆ ಅಂತ ಹೇಳಲು ಹೊರಟ್ವಿ. ದೊಡ್ಡವ್ವ ಅರ್ಧಕ್ಕೇ ತಡೆದರು. ‘ಅದೆಲ್ಲಾ ನನಗ್ಯಾಕ ಹೇಳ್ತೀರಿ? ಅವತ್ತ ಯಾರ್ಯಾರಿಗೆ ಕಳಿಸಿದ್ರಿ, ಅವರಿಗೆ ಹೇಳ್ರಿ. ಈಗ ಏನರ ತಗೊಳ್ಳೋದಿತ್ತಂದ್ರ ತಗೊಳ್ರಿ, ಇಲ್ಲಾಂದ್ರ ಸರೀರಿ. ಗಿರಾಕಿ ನಿಂತಾರ.’

‘ಆತು ಬಿಡ್ರಿ’ ಅಂತ ಅವರು ಅನ್ನಲಿಲ್ಲ. ಅನ್ನಲಿ ಅಂತ ನಾವು ಕಾಯ್ತಿದ್ವಿ, ಅದು ಅವರಿಗೂ ಗೊತ್ತಿತ್ತು ಅನಿಸ್ತದೆ. ಎರಡು ಸೂಡು ಮೆಂತೆಪಲ್ಲೆ ತಗೊಂಡು ರೊಕ್ಕ ಕೊಟ್ಟು ಬಂದ್ವಿ. ಚಿಲ್ಲರೆ ಎಣಿಸಿ ವಾಪಸ್ ಕೊಟ್ಟರು.

ಅವತ್ತು ಸಂಜೆ ಆ ಎರಡು ಗ್ರೂಪುಗಳಿಗೂ ಹಳೇ ಫೋಟೋ, ಕ್ರೇಟಿನ ಎರಡು ಫೋಟೋ, ಟೇಪಿನ ಅಳತೆ ಎಲ್ಲ ಹಾಕಿ ಬರೆದ್ವಿ. ಹಳೇದಕ್ಕೆ ನೂರಾರು ಉತ್ತರ ಬಂದಿದ್ದವು. ಇದಕ್ಕೆ ನಾಲ್ಕು ಹೆಬ್ಬೆರಳು ಬಂದವು. ಒಬ್ಬರು ‘ಯಾವ ಫೋಟೋ?’ ಅಂತ ಕೇಳಿದರು. ಹಾಗೇ ಇರ್ತದೆ. ಹಾಗಂತ ಬರೆಯದೇ ಇರಲು ಬರೂದಿಲ್ಲ, ಈ ಬರಹವೂ ಅದರದ್ದೇ ಮುಂದುವರಿಕೆ.

ಕೊನೆಗೆ ಸಂಘದ ಗೆಳೆಯರಲ್ಲಿ ಒಂದು ಕೋರಿಕೆ. ಈ ವರ್ಷದ ಫೋಟೋ ಪ್ರದರ್ಶನದ ಫಾರಂನಲ್ಲಿ ಹೆಸರು, ಬ್ರಾಂಚು, ಕ್ಯಾಮೆರಾ, ಲೆನ್ಸು ಅಂತ ನಾಲ್ಕು ಕಾಲಂ ಇವೆ. ಐದನೆಯದು ಒಂದು ಸೇರಿಸಿ: ‘ಎಷ್ಟು ದೂರ ನಿಂತು ತೆಗೆದಿರಿ?’ ಮೀಟರಿನಲ್ಲಿ ಬರೆದರೂ ಸರಿ, ಮಾರಿನಲ್ಲಿ ಬರೆದರೂ ಸರಿ. ಫೋಟೋದಲ್ಲಿ ಮನುಷ್ಯರಿದ್ದರೆ ಅದರ ಕೆಳಗೆ ಇನ್ನೊಂದು ಸಾಲು: ‘ಹತ್ತಿರ ಹೋಗಿ ಕೇಳಿದಿರಾ?’

ನಮ್ಮ ಆ ಫೋಟೋವನ್ನು ಈ ಸಲ ಕೊಡ್ತಿದ್ದೀವಿ. ದೊಡ್ಡವ್ವನ ಮುಖ ಕಾಣದಂತೆ ಮುಚ್ಚಿ, ಪಕ್ಕದಲ್ಲಿ ಕ್ರೇಟಿನ ಫೋಟೋ ಇಟ್ಟು. ಮೊದಲ ಕಾಲಂಗೆ 60 ಮೀಟರ್ ಅಂತ ತುಂಬಿದ್ದೀವಿ. ಎರಡನೆಯದಕ್ಕೆ ‘ಅವತ್ತು ಇಲ್ಲ’ ಅಂತ.